ಚಪ್ಪಾಳೆ ಮುಗಿಯುವಷ್ಟರಲ್ಲಿ

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳಿದ್ದನ್ನು ಕ್ರೇಗ್‌ಬರ್ನ್ ಊರಿನವರು ತೀರಾ ಮನಸ್ಸಿಗೆ ಹಚ್ಚಿಕೊಂಡು, ತಮ್ಮ ಸಭಾಭವನದ ಗೋಡೆಗೆ ನಿಜವಾಗಿಯೂ ಒಂದು ಕಿವಿ ಜೋಡಿಸಿಬಿಟ್ಟಿದ್ದಾರೆ. ಸೂರಿನಿಂದ ಇಳಿಬಿಟ್ಟ ಸಣ್ಣ ಮೈಕು, ಅದರ ಕೆಳಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮೂರು ದೀಪ. ಸದ್ದು ಹದವಾಗಿದ್ದರೆ ಹಸಿರು, ಅಂಚಿಗೆ ಬಂದರೆ ಹಳದಿ, ಮಿತಿ ಮೀರಿದರೆ ಕೆಂಪು. ಕೆಂಪು ಹತ್ತಿ ನಾಲ್ಕು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸದ್ದು ಇಳಿಯಲಿಲ್ಲವೋ, ವೇದಿಕೆಯ ಕರೆಂಟು ಹೋಯಿತೆಂದೇ ಲೆಕ್ಕ. ಮದುಮಗಳು ಅತ್ತರೂ ಬರುವುದಿಲ್ಲ, ಪಾದ್ರಿ ಬೇಡಿಕೊಂಡರೂ ಬರುವುದಿಲ್ಲ. ನದಿಯ ಆಚೆ ದಡದಲ್ಲಿ ನಿವೃತ್ತರ ಬಂಗಲೆಗಳಿವೆ. ಹಗಲೆಲ್ಲ ಮೀನಿಗೆ ಗಾಳ ಹಾಕಿ ಕೂರುವ ಆ ಮಹಾನುಭಾವರಿಗೆ ಸಂಜೆಯ ಹೊತ್ತು ಬೇರೆಯವರ ಸಂತೋಷ ಕೇಳಿಸಬಾರದು.

ನಮ್ಮ ಸ್ಕಾಟ್ಲೆಂಡಿನ ಗಡಿಸೀಮೆಯಲ್ಲಿ ಇಂಥ ಪೆಟ್ಟಿಗೆಗಳು ಈಗ ಎಲ್ಲ ಊರಲ್ಲೂ ಇವೆ. ಅವುಗಳ ಜೊತೆ ಸಂಸಾರ ಮಾಡಬಲ್ಲ ಹೆಂಗಸು ಎಂದರೆ ಸೆಂಗಾ ಲೇಡ್‌ಲಾ. ಐವತ್ತು ದಾಟಿದವಳು, ಕುಳ್ಳಿ, ಮಾತು ಕಡಿಮೆ. ಮದುವೆಗಳಲ್ಲಿ ಕೇಲಿ ಎಂಬ ಗುಂಪುಕುಣಿತಕ್ಕೆ ನುಡಿಸುವ ಬ್ಯಾಂಡೊಂದರ ಸದ್ದು ನೋಡಿಕೊಳ್ಳುವುದು ಅವಳ ಕೆಲಸ. ಎರಡು ದೊಡ್ಡ ಸ್ಪೀಕರ್ ಇಡುವ ಕಡೆ ಎಂಟು ಚಿಕ್ಕವನ್ನು ಕುಣಿಯುವವರ ಹತ್ತಿರವೇ ಇಡುತ್ತಾಳೆ. ಡ್ರಮ್ಮಿನ ಮೇಲೆ ಟವೆಲು ಹೊದಿಸುತ್ತಾಳೆ. ದಪ್ಪ ಸ್ವರಗಳನ್ನು ಕಂಡರೆ ಪೆಟ್ಟಿಗೆಗೆ ಆಗದು, ಅವನ್ನು ಕತ್ತರಿಸಿ ಹಾಕುತ್ತಾಳೆ. ಅಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಸಲವೂ ಕರೆಂಟು ಹೋಗಿರಲಿಲ್ಲ. ಕಟ್ಟಿಕೊಂಡ ಗಂಡ ಕಿರುಚುವವನಾಗಿದ್ದ. ಅವನನ್ನು ಬಿಟ್ಟು ಬಂದ ಮೇಲೆ ಅವಳು ಬದುಕನ್ನೂ ಹಸಿರು ದೀಪದೊಳಗೇ ಇಟ್ಟುಕೊಂಡಳು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಪೆಟ್ಟಿಗೆಯನ್ನು ಕೆಂಪಾಗಿಸುವುದು ಬ್ಯಾಂಡಲ್ಲ, ನೆಂಟರು. ಹಾಡು ಮುಗಿದೊಡನೆ ಚಪ್ಪಾಳೆ, ಕೇಕೆ, ಕಾಲು ಬಡಿತ. ಆ ಗದ್ದಲ ತೆರೆದ ಮೈಕುಗಳೊಳಗೆ ಹೊಕ್ಕು ಸ್ಪೀಕರಿನಿಂದ ಇಮ್ಮಡಿಯಾಗಿ ಹೊರಗೆ ಬಂದರೆ ಮುಗಿಯಿತು. ಅದಕ್ಕೇ ಸೆಂಗಾ ಪ್ರತಿ ಹಾಡಿನ ಕೊನೆಯ ಸ್ವರಕ್ಕೆ ಎಲ್ಲ ಮೈಕುಗಳನ್ನೂ ಮುಚ್ಚಿ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ವೇದಿಕೆಯ ನೆತ್ತಿಯ ಮೇಲಿದ್ದ ದೀಪವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಹಳದಿ ಮತ್ತೆ ಹಸಿರಿಗೆ ಇಳಿದರೆ ತಲೆಯಾಡಿಸುತ್ತಿದ್ದಳು, ಮಗು ಊಟ ಮುಗಿಸಿದರೆ ತಾಯಿ ಆಡಿಸುವ ಹಾಗೆ. ಕೆಂಪಿನ ಕಡೆ ಹೊರಟರೆ ಅಡ್ಡಡ್ಡ ತಲೆ ಅಲ್ಲಾಡಿಸುತ್ತಿದ್ದಳು. ಆಗ ಡ್ರಮ್ಮಿನ ಹಿಂದಿನಿಂದ ಕುಣಿತದ ಹೆಜ್ಜೆ ಕೂಗಿ ಹೇಳುವ ಡೂಗಿ ಏನಾದರೊಂದು ಚಟಾಕಿ ಹಾರಿಸಿ ಜನರನ್ನು ತಣ್ಣಗೆ ಮಾಡುತ್ತಿದ್ದ.

ಆ ಜೂನ್ ಶನಿವಾರ ಮಧ್ಯಾಹ್ನದ ಮದುವೆ. ಕಿಟಕಿಯ ತುಂಬ ಬಿಸಿಲು. ಡೂಗಿ ಶುರುವಿನಲ್ಲೇ ಮೈಕಿಗೆ ಹೇಳಿಬಿಟ್ಟ.

"ಇವತ್ತು ನಮ್ಮ ಎರ್ಲೆಂಡ್ ನಿಮಗೋಸ್ಕರ ನುಡಿಸೋದು ಕಡೇ ಸಲ. ಮಂಗಳವಾರ ಹಡಗು ಹತ್ತಿ ತನ್ನೂರು ಆರ್ಕ್ನಿ ದ್ವೀಪಕ್ಕೆ ಹೊರಟ. ಅಲ್ಲಿ ಕುರಿಗಳಿಗೆ ಅಕಾರ್ಡಿಯನ್ ಕೇಳಿಸ್ತಾನಂತೆ. ಪಾಪ, ಕುರಿಗಳು!"

ಜನ ನಕ್ಕರು. ಎರ್ಲೆಂಡ್ ಕೂಡ ನಕ್ಕ. ಅಗಲ ಹೆಗಲಿನ, ನರೆತ ಗಡ್ಡದ ಮನುಷ್ಯ, ತಿದಿಯೆಳೆದು ನುಡಿಸುವ ಅಕಾರ್ಡಿಯನ್ನನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಸಭಾಭವನದ ಇನ್ನೊಂದು ತುದಿಯಲ್ಲಿ, ಸದ್ದು ಹೊಂದಿಸುವ ತನ್ನ ಮಿಕ್ಸರಿನ ಹಿಂದೆ, ಸೆಂಗಾ ನಗಲಿಲ್ಲ.

ಅವಳಿಗೆ ಅವನೆಂದರೆ ಇಷ್ಟ. ಹನ್ನೊಂದು ವರ್ಷದಿಂದ ಇಷ್ಟ. ವಯಸ್ಸಾದವರ ಪ್ರೀತಿ ಎಂದು ಯಾರೂ ಮೂಗು ಮುರಿಯಬೇಡಿ, ಹಸಿವಿಗೆ ವಯಸ್ಸಿಲ್ಲ. ಶನಿವಾರ ಬಂತೆಂದರೆ ಅವಳಿಗೆ ಬೆಳಗ್ಗೆಯೇ ಎಚ್ಚರವಾಗುತ್ತಿತ್ತು. ಅವನು ಕುಡಿದಿಟ್ಟ ಚಹಾ ಲೋಟವನ್ನು ತಾನೇ ತೊಳೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ನೋವಾಗುತ್ತಿದ್ದದ್ದು ಅವನ ಎಡಗೈಯ ಬಗ್ಗೆ. ಆ ಕೈ ನುಡಿಸುವ ದಪ್ಪ ಸ್ವರಗಳನ್ನು ವಾರವಾರವೂ ಕತ್ತರಿಸುವುದು ಅವಳ ಪಾಲಿಗೇ ಬಂದಿತ್ತು. ಮೇಜಿನ ಮೇಲಿನ ಗುಂಡಿಯೊಂದನ್ನು ಒತ್ತಿ ಮಾತಾಡಿದರೆ ಅದು ನೇರ ಅವನ ಕಿವಿಯೊಳಗಿನ ಪುಟ್ಟ ಸ್ಪೀಕರಿಗೆ ಹೋಗುತ್ತಿತ್ತು. ಆ ದಾರಿಯಲ್ಲಿ ಅವಳು ಕಳಿಸಿದ ಮಾತು ಒಂದೇ: "ಎರ್ಲೆಂಡ್, ಎಡಗೈ ಮೆಲ್ಲಗೆ."

ಹೇಳಬೇಕೆಂದುಕೊಂಡ ಬೇರೆ ಮಾತು ಗಂಟಲಲ್ಲೇ ಉಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬೇಡವೆಂದರೆ ಶನಿವಾರಗಳೂ ಹೋಗುತ್ತವಲ್ಲ ಎಂದು ಹೆದರಿ ಕೂತಿದ್ದಳು. ಈಗ ಬಾಯಿ ಮುಚ್ಚಿಕೊಂಡಿದ್ದರೂ ಶನಿವಾರಗಳು ಹೊರಟೇ ಹೋದವು. ಮಂಗಳವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಇಲ್ಲ. ಆ ದಿನ ಬೆಳಗ್ಗೆ ಧೈರ್ಯ ಮಾಡಿ ಅವನ ಬಳಿ ಹೋದವಳು, ಹಡಗಿನಲ್ಲಿ ಚಳಿ ಇರುತ್ತದೆ ಎಂದು ಒಂದು ಹೊಸ ಫ್ಲಾಸ್ಕ್ ಕೈಗಿಟ್ಟು ವಾಪಸು ಬಂದಿದ್ದಳು.

ಕುಣಿತದ ನಡುವೆ ಊಟದ ಬಿಡುವು ಬಂತು. ಪಿಟೀಲು ನುಡಿಸುವ ಐಲ್ಸಾ ಎರಡು ತಟ್ಟೆಯಲ್ಲಿ ಆಲೂಗಡ್ಡೆ ಮಾಂಸ ಬೇಯಿಸಿದ ಸ್ಟೋವೀಸ್ ಹಿಡಿದು ಬಂದು, ಒಂದನ್ನು ಮಿಕ್ಸರಿನ ಪಕ್ಕ ಧಡ್ಡನೆ ಇಟ್ಟಳು. ಸೆಂಗಾಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೆ ಬಾಯಿ ದೊಡ್ಡದು. ಕಣ್ಣು ಕೆಂಪಗಿತ್ತು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವನಿಗೆ ನಾಲ್ಕು ಒಳ್ಳೇ ಮಾತು ಹೇಳಿ ಕಳ್ಸೋಕೆ ನಿಂಗೇನು ಧಾಡಿ?"

"ಹುಷಾರಾಗಿ ಹೋಗು ಅಂದ್ನಲ್ಲ. ಫ್ಲಾಸ್ಕ್ ಕೊಟ್ಟೆ."

"ಫ್ಲಾಸ್ಕ್ ಕೊಟ್ಳಂತೆ, ಫ್ಲಾಸ್ಕು! ಮದ್ವೆ ಆಗ್ತೀಯಾ ಅಂತ ಕೇಳ್ದೋನಿಗೆ ಇಲ್ಲ ಅಂತ ತಲೆ ಅಲ್ಲಾಡ್ಸಿ, ಈಗ ಫ್ಲಾಸ್ಕಲ್ಲಿ ಚಹಾ ಕುಡೀ ಅಂತೀಯಾ?"

"ಯಾರು ಕೇಳಿದ್ದು? ಯಾರನ್ನ?"

"ಅಯ್ಯೋ, ನಾಟಕ ಬೇಡ ಮಾರಾಯ್ತಿ. ನಾನು ಅವನ ಪಕ್ಕದಲ್ಲೇ ನಿಂತಿರ್ತೀನಿ. ಹೋದ ವರ್ಷದ ಹಿಂದಿನ ಚಳಿಗಾಲ, ಇದೇ ಹಾಲಲ್ಲಿ. ಹಾಡು ಮುಗೀತು, ಎಲ್ರೂ ಚಪ್ಪಾಳೆ ಹೊಡೀತಿದ್ರು, ಮೈಕಿನ ಹತ್ರ ಬಾಯಿ ತಂದು ಕೇಳ್ದ. 'ಸೆಂಗಾ, ನನ್ನ ಮದ್ವೆ ಆಗ್ತೀಯಾ' ಅಂತ. ನೀನು ಹಿಂಗೆ..." ಐಲ್ಸಾ ಕಣ್ಣು ದೊಡ್ಡದು ಮಾಡಿ, ನೊಣ ಓಡಿಸುವ ಎತ್ತಿನ ಹಾಗೆ ತಲೆ ಅಲ್ಲಾಡಿಸಿ ತೋರಿಸಿದಳು.

ಸೆಂಗಾಳಿಗೆ ಆ ದಿನ ನೆನಪಿತ್ತು. ಮದುಮಗನ ಸೋದರಮಾವ ರೆಫರಿಯ ಸೀಟಿ ತಂದು ಊದಿದ್ದ. ದೀಪ ಕೆಂಪಾಗಿತ್ತು. ಡೂಗಿ ನೋಡಲಿ ಎಂದು ಅವಳು ಜೋರಾಗಿ ತಲೆ ಅಲ್ಲಾಡಿಸಿದ್ದಳು.

"ಅದು ದೀಪಕ್ಕೆ ಕಣೇ," ಎಂದಳು. "ಚಪ್ಪಾಳೆ ಹೊತ್ತಲ್ಲಿ ಮೈಕು ಮುಚ್ಚಿರ್ತೀನಿ. ನಂಗೇನೂ ಕೇಳ್ಸಲ್ಲ."

"ಹೆಡ್‌ಫೋನ್ ಹಾಕ್ಕೊಂಡಿರ್ತೀಯಲ್ಲ!"

"ಹಾಕ್ಕೊಂಡಿರ್ತೀನಿ. ಅದ್ರಲ್ಲಿ ಏನೂ ಇರಲ್ಲ."

ಐಲ್ಸಾ ತಟ್ಟೆ ಕೆಳಗಿಟ್ಟಳು. "ಹಂಗಾದ್ರೆ ಅದಕ್ಕೂ ಮುಂಚಿನವು? ಪ್ರತಿ ಹಾಡು ಮುಗಿದಾಗ್ಲೂ ನಿನ್ನ ಜೊತೆ ಮಾತಾಡ್ತಿದ್ದ ಕಣೇ ಅವ್ನು. 'ಸೆಂಗಾ, ಇವತ್ತು ಕೈ ಮರಗಟ್ಟಿದೆ', 'ಸೆಂಗಾ, ಆ ಮುದುಕನ ಕಿಲ್ಟ್ ಲಂಗ ಹಿಂದುಮುಂದಾಗಿದೆ ನೋಡು', 'ಸೆಂಗಾ, ಹೊಸ ಸ್ವೆಟರ್ ಚೆನ್ನಾಗಿದೆ'. ನೀನೂ ಗಂಭೀರವಾಗಿ ತಲೆಯಾಡಿಸ್ತಿದ್ದೆ. ಇವರಿಬ್ರದ್ದು ಏನೋ ಇದೆ, ನಮಗ್ಯಾಕೆ ಅಂತ ನಾನೂ ಡೂಗೀನೂ ಸುಮ್ಮನಿದ್ವಿ."

ಇದನ್ನು ಕೋಣನ ಮುಂದೆ ಕಿನ್ನರಿ ಎನ್ನೋಣವೆಂದರೆ, ಇಲ್ಲಿ ಕೋಣ ಕಿನ್ನರಿಗಾಗಿಯೇ ಹಂಬಲಿಸಿ ಸಾಯುತ್ತಿತ್ತು. ಅವನ ತುಟಿ ಅಲ್ಲಾಡುವುದನ್ನು ಸೆಂಗಾ ಕಂಡಿದ್ದಳು. ಮುಂದಿನ ಹಾಡಿನ ತಾಳ ಎಣಿಸಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಆ ಚಳಿಗಾಲದ ನಂತರ ತುಟಿ ಅಲ್ಲಾಡುವುದು ನಿಂತಾಗ, ಈಗ ತಾಳ ಬಾಯಿಪಾಠ ಬಂದಿರಬೇಕು ಎಂದುಕೊಂಡಿದ್ದಳು.

ಅವನದೇನೂ ತಪ್ಪಿರಲಿಲ್ಲ. ಒಟ್ಟಿಗೆ ಕೆಲಸ ಶುರುಮಾಡಿದ ಮೊದಲ ವಾರ ಅವನೇ ಕೇಳಿದ್ದ, ಹಾಲಿನಲ್ಲಿ ಕೂತವರಿಗೆ ಕೇಳಿಸದಿದ್ದಾಗಲೂ ನಿನಗೆ ನನ್ನ ಮೈಕು ಕೇಳಿಸುತ್ತದಾ ಎಂದು. "ಬೇಕಂದ್ರೆ ನಿನ್ನ ಹೊಟ್ಟೆ ಗುಡುಗೋದೂ ಕೇಳ್ಸುತ್ತೆ," ಎಂದಿದ್ದಳು ಇವಳು. ಸುಳ್ಳಲ್ಲ. ಮುಚ್ಚಿದ ಮೈಕನ್ನೂ ತಾನೊಬ್ಬಳೇ ಕೇಳಿಸಿಕೊಳ್ಳುವ ಗುಂಡಿ ಪ್ರತಿ ಮೈಕಿಗೂ ಇತ್ತು. ಆದರೆ ಕೆಲಸ ಕಲಿಸಿದ ಮುದುಕ ಹೇಳಿದ್ದ, ಮುಚ್ಚಿದ ಮೈಕು ಎಂದರೆ ಮುಚ್ಚಿದ ಬಾಗಿಲು, ಅದಕ್ಕೆ ಕಿವಿ ಹಚ್ಚುವವರು ಕಳ್ಳರು ಎಂದು. ಸೆಂಗಾ ಕಳ್ಳಿಯಾಗಲಿಲ್ಲ.

"ಎಲ್ಲಿ ಅವನು?" ಎಂದು ಎದ್ದಳು. ಅವನು ಅಂಗಳದಲ್ಲಿ ಮದುಮಗಳ ಅಜ್ಜನ ಕೈಗೆ ಸಿಕ್ಕಿದ್ದ. ಅಜ್ಜ ಅವನ ತೋಳು ಹಿಡಿದು ಹಡಗುಗಳ ಕಥೆ ಹೇಳುತ್ತಿದ್ದ, ಸುತ್ತ ಆರೇಳು ನೆಂಟರು. ಅವಳು ಬಾಗಿಲ ತನಕ ಹೋದಳು, ಅಷ್ಟರಲ್ಲಿ ಡೂಗಿ ಎಲ್ಲರನ್ನೂ ಒಳಗೆ ಕರೆದ. ಜನ ನುಗ್ಗಿದರು, ಅವರೊಳಗೆ ಎರ್ಲೆಂಡ್ ವೇದಿಕೆ ಹತ್ತಿದ. ಕುಣಿತ ಮುಗಿದೊಡನೆ ಅವನನ್ನು ಅಣ್ಣನ ಮಗ ಕಾರಿನಲ್ಲಿ ಉತ್ತರದ ಬಂದರಿನ ಕಡೆ ಕರೆದೊಯ್ಯುವವನಿದ್ದ. ಇನ್ನು ಉಳಿದದ್ದು ಅವನ ಕಿವಿಗೆ ಹೋಗುವ ಗುಂಡಿಯ ದಾರಿ ಒಂದೇ.

ಹಾಡು ಶುರುವಾಯಿತು. ಅವಳು ಗುಂಡಿ ಒತ್ತಿ, "ಎರ್ಲೆಂಡ್," ಎಂದಳು.

ಅವನು ತಲೆ ಎತ್ತದೆಯೇ ಎಡಗೈಯನ್ನು ಮೆಲ್ಲಗೆ ಮಾಡಿದ. ಪಾಪ, ಅಭ್ಯಾಸ.

"ಅದಲ್ಲ. ಕೇಳು. ಆ ಚಳಿಗಾಲ ನಾನು ತಲೆ ಅಲ್ಲಾಡ್ಸಿದ್ದು ಕೆಂಪು ದೀಪಕ್ಕೆ, ನಿಂಗಲ್ಲ. ನೀನು ಮೈಕಲ್ಲಿ ಹೇಳಿದ್ದು ನಂಗೊಂದೂ ಕೇಳ್ಸಿಲ್ಲ. ಯಾವತ್ತೂ ಕೇಳ್ಸಿಲ್ಲ. ನಾನು ಮುಚ್ಚಿರ್ತಿದ್ದೆ. ಐಲ್ಸಾ ಈಗಷ್ಟೇ ಹೇಳಿದ್ಳು."

ಅಕಾರ್ಡಿಯನ್ ಒಂದು ಆವರ್ತ ಪೂರ್ತಿ ನಿಂತೇಹೋಯಿತು. ಐಲ್ಸಾ ಪಿಟೀಲಿನಲ್ಲಿ ಆ ತೂತು ಮುಚ್ಚಿದಳು. ಕುಣಿಯುವವರಿಗೆ ಗೊತ್ತಾಗಲಿಲ್ಲ. ಎರ್ಲೆಂಡ್ ಮತ್ತೆ ನುಡಿಸತೊಡಗಿದ, ಆದರೆ ಈಗ ಅವನ ಕಣ್ಣು ಅವಳ ಮೇಲಿತ್ತು. ಎರಡೂ ಕೈ ಅಕಾರ್ಡಿಯನ್ನಿನಲ್ಲಿ ಸಿಕ್ಕಿಕೊಂಡವನು ಏನು ತಾನೆ ಮಾಡಬಲ್ಲ?

ಹಾಡು ಮುಗಿಯಿತು. ಚಪ್ಪಾಳೆ ಎದ್ದಿತು. ಸೆಂಗಾ ಮೈಕುಗಳನ್ನು ಮುಚ್ಚಿದಳು, ಮತ್ತು ಬದುಕಿನಲ್ಲಿ ಮೊದಲ ಸಲ ಅವನ ಮುಚ್ಚಿದ ಮೈಕು ಕೇಳಿಸುವ ಗುಂಡಿಯನ್ನು ಒತ್ತಿದಳು. ಹೆಡ್‌ಫೋನಿನಲ್ಲಿ ಅವನ ಉಸಿರು ಕೇಳಿಸಿತು. ತೀರಾ ಹತ್ತಿರ.

"ಒಂದೂ ಕೇಳ್ಸಿಲ್ವಾ?" ಎಂದ.

"ಒಂದೂ ಇಲ್ಲ," ಎಂದಳು ಮಾತಿನ ಗುಂಡಿ ಒತ್ತಿ.

"ಆ ಕುದುರೆ ಕಥೆನೂ?"

"ಯಾವ ಕುದುರೆ?"

"ಅಯ್ಯೋ ನನ್ನ ಕರ್ಮವೇ. ಅದನ್ನ ಹೇಳಿ ಮುಗ್ಸೋಕೆ ಮೂರು ಮದ್ವೆ ಹಿಡಿದಿತ್ತು!"

ಚಪ್ಪಾಳೆ ನಿಂತಿತು. ಡೂಗಿ ಮುಂದಿನ ಕುಣಿತಕ್ಕೆ ಜೋಡಿಗಳನ್ನು ಕರೆದ, ಎರ್ಲೆಂಡ್ ನುಡಿಸಲೇಬೇಕಾಯಿತು. ಕುಣಿತ ನಡೆಯುತ್ತಿರುವಾಗ ಸೆಂಗಾ ಕಣ್ಣೊರೆಸಿಕೊಂಡಳು. ಹೇಳಿದ ಮಾತು ಕಳೆದುಹೋದರೆ ಮತ್ತೆ ಹೇಳಿಸಬಹುದು. ಆದರೆ ಅಷ್ಟು ವರ್ಷದ ಸಣ್ಣಪುಟ್ಟ ಮಾತು, ಕೈ ಮರಗಟ್ಟಿದ್ದು, ಸ್ವೆಟರ್ ಚೆನ್ನಾಗಿದ್ದದ್ದು, ಅವನ್ನು ಮತ್ತೆ ಯಾರು ತಂದುಕೊಡುತ್ತಾರೆ? ಆ ಸ್ವೆಟರನ್ನು ಯಾರೂ ನೋಡಲಿಲ್ಲವೆಂದು ಅವಳು ನಾಲ್ಕೇ ವಾರಕ್ಕೆ ಚರ್ಚಿನ ದಾನದ ಡಬ್ಬಿಗೆ ಹಾಕಿಬಿಟ್ಟಿದ್ದಳು.

ಮುಂದಿನ ಚಪ್ಪಾಳೆಗೆ ಅವನು ಕಾದೇ ಇದ್ದ.

"ಬೇಕಂದ್ರೆ ಎಲ್ಲಾ ಕೇಳ್ಸುತ್ತೆ ಅಂದಿದ್ದೆ."

"ಬೇಕಂದ್ರೆ ಅಂದಿದ್ದೆ."

"ಹಂಗಾದ್ರೆ ಬೇಕು ಅಂತ ಅನ್ನಿಸ್ಲೇ ಇಲ್ವಾ, ಸೆಂಗಾ?"

ಈ ಪ್ರಶ್ನೆಗೆ ಅವಳ ಬಳಿ ನಿಜ ಒಂದೇ ಇತ್ತು. "ತುಂಬಾ ಬೇಕಿತ್ತು. ಅದಕ್ಕೇ ಒತ್ಲಿಲ್ಲ."

ಅವನು ಏನೋ ಹೇಳಹೊರಟ. ಚಪ್ಪಾಳೆ ಮುಗಿಯಿತು. ಇಷ್ಟು ಬೇಗ ಯಾಕಪ್ಪ ನಿಲ್ಲಿಸಿದರು ಈ ಜನ, ಕೈಗೇನು ಬೇಡಿ ಬಿದ್ದಿದೆಯಾ ಎಂದು ಸೆಂಗಾ ಮನಸ್ಸಿನಲ್ಲೇ ಬೈದಳು. ಚಪ್ಪಾಳೆ ನಿಲ್ಲಲಿ ದೇವರೇ ಎಂದು ಬೇಡಿಕೊಂಡೇ ಬದುಕು ಸವೆಸಿದವಳು ಅವಳು.

ಅದರ ಮುಂದಿನ ಸಲ ಅವನ ಸ್ವರ ಬದಲಾಗಿತ್ತು. "ಹೋಗ್ದೇ ಇರೋಕಾಗಲ್ಲ ಕಣೇ. ಅಣ್ಣ ಬೆನ್ನು ಮುರ್ಕೊಂಡಿದಾನೆ. ಅವನ ಹತ್ರ ರಿಪೇರಿಗೆ ಬಂದ ದೋಣಿಗಳು ಅರ್ಧಕ್ಕೇ ನಿಂತಿವೆ. ಇಲ್ಲಿ ಮನೆ ಕೀಲೀನೂ ಕೊಟ್ಟಾಯ್ತು. ನೀನು ಒಲ್ಲೆ ಅಂದ್ಮೇಲೆ ಇಲ್ಲಿ ನಂಗೇನಿದೆ ಅಂತ ಮಾತು ಕೊಟ್ಬಿಟ್ಟೆ."

"ಗೊತ್ತಾಯ್ತು," ಎಂದಳು ಸೆಂಗಾ. ದೂರುವುದಾದರೆ ಯಾರನ್ನು ದೂರುವುದು?

ಕೊನೆಯ ಕುಣಿತ ಬಂತು. ಎಲ್ಲರೂ ಕೈ ಕೈ ಹಿಡಿದು ದೊಡ್ಡ ವೃತ್ತವಾಗಿ ನಿಂತು, ನಡುವಿಗೆ ನುಗ್ಗಿ, ಹಿಂದೆ ಸರಿದು, ಮತ್ತೆ ನುಗ್ಗಿ ಕೂಗುವ ಕುಣಿತ. ಮದುವೆ ಕೆಡುವುದಿದ್ದರೆ ಇದರಲ್ಲೇ ಕೆಡುವುದು. ಬೇರೆ ದಿನವಾಗಿದ್ದರೆ ಸೆಂಗಾ ಈ ಹೊತ್ತಿಗೆ ಬೆವರಿರುತ್ತಿದ್ದಳು. ಈಗ ಅವಳು ಎಡಗೈಯ ದಪ್ಪ ಸ್ವರಗಳ ಮೇಲಿನ ತಡೆಯನ್ನು ತೆಗೆದುಬಿಟ್ಟಳು. ಅವನ ಸಂಗೀತ ಇಡಿಯಾಗಿ ಹೊರಗೆ ಬಂತು, ನೆಲದ ಹಲಗೆ ನಡುಗಿತು, ಅವಳ ಎದೆಯೂ ನಡುಗಿತು. ಇಂಥದ್ದನ್ನು ಇಷ್ಟು ವರ್ಷ ಈ ಕೈಯಲ್ಲೇ ಕತ್ತರಿಸಿದೆನಲ್ಲ ಎಂದು ಸಂಕಟವಾಯಿತು. ಹಳದಿ ದೀಪ ಹತ್ತಿತು. ಹತ್ತಲಿ ಬಿಡು.

ಕುಣಿತ ಮುಗಿಯಿತು, ಸಭಾಭವನವೇ ಸಿಡಿದಂತೆ ಚಪ್ಪಾಳೆ ಬಿತ್ತು. ಅವಳು ಮೈಕು ಮುಚ್ಚಿ, ಅವನ ಗುಂಡಿ ಒತ್ತಿದಳು.

"ಸೆಂಗಾ," ಎಂದ. "ಎರಡು ವರ್ಷ ತಡ ಆಯ್ತು. ಆವಾಗ ಇಲ್ಲೇ ಇರೋಣ ಅಂತ ಕೇಳಿದ್ದೆ. ಈಗ ಕೇಳೋದಾದ್ರೆ ಅಲ್ಲಿಗೆ ಬಾ ಅನ್ಬೇಕು. ಅಲ್ಲಿ ಗಾಳಿ ಜಾಸ್ತಿ. ಮರ ಇಲ್ಲ. ನನ್ನ ಅಣ್ಣನಿಗೆ ಮೂಗಿನ ತುದೀಲೇ ಸಿಟ್ಟು."

ಡೂಗಿ ಡ್ರಮ್ಮಿನ ಹಿಂದಿನಿಂದ ಅವಳತ್ತ ನೋಡಿದ, ದೀಪವೇನು ಹೇಳುತ್ತಿದೆ, ಜನರನ್ನು ಸುಮ್ಮನಾಗಿಸಲೇ ಎಂಬಂತೆ. ಅವಳು ತಲೆ ಅಲ್ಲಾಡಿಸಬೇಕಿತ್ತು. ಆದರೆ ಎರ್ಲೆಂಡ್ ಕೂಡ ನೋಡುತ್ತಿದ್ದ. ಅಲ್ಲಾಡಿಸಿದರೆ ಇವನು ಏನೆಂದು ತಿಳಿದಾನು! ಸೆಂಗಾ ಕತ್ತನ್ನು ಕಂಬದ ಹಾಗೆ ಬಿಗಿಹಿಡಿದು ನಿಂತಳು. ಡೂಗಿ ಗೊಂದಲಕ್ಕೆ ಬಿದ್ದ. ಜನ ಕಾಲು ಬಡಿಯತೊಡಗಿದರು. ದೀಪ ಕೆಂಪಾಯಿತು. ಹೊಡೀರಿ ಚಪ್ಪಾಳೆ, ನಿಲ್ಲಿಸಬೇಡಿ, ಇನ್ನೊಂದು ಮಾತಿಗಾಗುವಷ್ಟು ಹೊಡೀರಿ ಎಂದು ಅವಳು ಒಳಗೊಳಗೇ ಅಂಗಲಾಚಿದಳು.

"ಬರ್ತೀಯಾ?" ಎಂದ ಎರ್ಲೆಂಡ್.

ಅವಳು ಗುಂಡಿ ಒತ್ತಿ, "ಬರ್ತೀನಿ," ಎಂದಳು.

ಆ ಮಾತು ಬಾಯಿಂದ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ವೇದಿಕೆಯಿಂದಲೇ ಕರೆಂಟು ಎಳೆದಿದ್ದ ಮಿಕ್ಸರಿನ ದೀಪಗಳೆಲ್ಲ ಸತ್ತವು. ಹೆಡ್‌ಫೋನ್ ಮಣ್ಣಿನ ಹಾಗೆ ಮೂಕಾಯಿತು. ಏನೋ ಆಯಿತೆಂದು ಜನ ಒಮ್ಮೆಲೇ ಚಪ್ಪಾಳೆ ನಿಲ್ಲಿಸಿದರು. ಅಷ್ಟು ದೊಡ್ಡ ಹಾಲಿನಲ್ಲಿ ಯಾರೋ ಲೋಟ ಕೆಳಗಿಟ್ಟದ್ದು ಕೇಳಿಸಿತು.

ವೇದಿಕೆಯ ಮೇಲೆ ಎರ್ಲೆಂಡ್ ಕಿವಿಯಲ್ಲಿದ್ದ ಪುಟ್ಟ ಸ್ಪೀಕರನ್ನು ಬೆರಳಿನಿಂದ ಒತ್ತಿ ನೋಡಿದ. ತಲೆ ವಾಲಿಸಿ ಇನ್ನೊಮ್ಮೆ ಒತ್ತಿದ. ಅವನಿಗೆ ಏನೂ ಕೇಳಿಸಿರಲಿಲ್ಲ. ಅವಳ ತುಟಿ ಅಲ್ಲಾಡಿದ್ದಷ್ಟೇ ಕಂಡಿತ್ತು. ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಆಮೇಲೆ ಮುಖ ಇಳಿಯಿತು. ಆಯಿತು, ಪರವಾಗಿಲ್ಲ ಎನ್ನುವ ಹಾಗೆ ಒಂದು ಸಣ್ಣ ನಗೆ ನಕ್ಕು, ಅಕಾರ್ಡಿಯನ್ನಿನ ಪಟ್ಟಿ ಬಿಚ್ಚತೊಡಗಿದ.

ಇಂಥ ಮುಖವನ್ನೇ ಅವನು ಆ ಚಳಿಗಾಲದಲ್ಲೂ ಹೊತ್ತಿರಬೇಕು, ತಾನು ದೀಪ ನೋಡುತ್ತ ಕಾಣದೆ ಹೋದೆ ಎಂದು ಸೆಂಗಾಳಿಗೆ ಹೊಳೆಯಿತು. ಹೆಡ್‌ಫೋನ್ ಕಿತ್ತು ಎಸೆದಳು. ಗಂಡನ ಮನೆ ಬಿಟ್ಟು ಬಂದಂದಿನಿಂದ ಒಮ್ಮೆಯೂ ಏರದ ಗಂಟಲು ಹಾಲಿನ ಆ ತುದಿಯಿಂದ ಈ ತುದಿಗೆ ಸೀಳಿಕೊಂಡು ಹೋಯಿತು.

"ಬರ್ತೀನಿ ಅಂದೆ ಕಣೋ! ಬರ್ತೀನಿ! ಬರ್ತೀನಿ ಅಂತ ಹೇಳಿದ್ದು ನಾನು!"

ಕುಣಿಯಲು ಬಂದವರೆಲ್ಲ ತಿರುಗಿ ನೋಡಿದರು. ಮದುಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಎರ್ಲೆಂಡ್ ಪಟ್ಟಿಯ ಮೇಲಿನ ಕೈಯನ್ನು ಹಾಗೇ ಬಿಟ್ಟು, ಎದುರಿಗಿದ್ದ ಸತ್ತ ಮೈಕನ್ನು ಪಕ್ಕಕ್ಕೆ ಸರಿಸಿದ.

"ಕೇಳಿಸ್ತು," ಎಂದ.